ಮಗನಿಗೆ ಹೈಪೋಸ್ಪೇಡಿಯಾಸ್ ಅಂದಿದಾರೆ, ಆಪರೇಷನ್ ಈಗ್ಲೇನಾ ದೊಡ್ಡೋನಾದ್ಮೇಲಾ? ಅನುಭವ ಇರೋರು ದಯವಿಟ್ಟು ಹೇಳಿ

ಹಾಸನದ_ಅಮ್ಮ

ನಮಸ್ಕಾರ ಎಲ್ರಿಗೂ. ಬರೀಲೋ ಬೇಡ್ವೋ ಅಂತ ಮೂರು ದಿನದಿಂದ ಟೈಪ್ ಮಾಡೋದು ಅಳಿಸೋದು ಮಾಡ್ತಾ ಇದ್ದೆ, ನಮ್ಮಮ್ಮಂಗೂ ಇನ್ನೂ ಹೇಳಿಲ್ಲ, ಮನೇಲಿ ಯಜಮಾನ್ರು ಅತ್ತೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಮಗನಿಗೆ ಈಗ 7 ತಿಂಗಳು. ಅವನಿಗೆ ಉಚ್ಚೆ ಹೋಗೋ ತೂತು ತುದೀಲಿಲ್ಲ, ಅಡಿಭಾಗದಲ್ಲಿ ಒಂದರ್ಧ ಸೆಂಟಿಮೀಟರ್ ಹಿಂದೆ ಇದೆ. ಮುಂದೊಗಲು ಮೇಲ್ಗಡೆ ಮಾತ್ರ ಕುಲಾವಿ ಥರ ಇದೆ, ಕೆಳಗಡೆ ಇಲ್ವೇ ಇಲ್ಲ.

ಆಸ್ಪತ್ರೇಲಿದ್ದ ಮೂರು ದಿನ ಯಾರೂ ಏನೂ ಹೇಳ್ಲಿಲ್ಲ. ಕಂಡುಹಿಡಿದಿದ್ದು ಮಗೂಗೆ ಎಣ್ಣೆನೀರು ಹಾಕೋಕೆ ಬರ್ತಿದ್ದ ಅಜ್ಜಿ. ಕಾಲು ನೀಡ್ಕೊಂಡು ಅದರ ಮೇಲೆ ಮಲಗಿಸ್ಕೊಂಡು ನೀರು ಹುಯ್ತಿದ್ರು, "ಗಂಡು ಕೂಸು ಅಂದ್ಮೇಲೆ ನನ್ ಮುಖಕ್ಕೆ ಹೊಡೀಬೇಕು ಕಣವ್ವ, ಇದ್ಯಾಕೆ ತೊಡೆ ಸಂದೀಲಿ ಹರ್ಕೊಂಡು ಬತ್ತದೆ?" ಅಂದ್ರು. ನಾನು ನಕ್ಕುಬಿಟ್ಟೆ ಆಗ. ಆಮೇಲೆ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟ್ರಿಗೆ ತೋರಿಸಿದ್ರೆ ಈ ಹೆಸರು ಬರೆದುಕೊಟ್ರು, ಬೀಜ ಎರಡೂ ಜಾಗದಲ್ಲೇ ಇದೆ ಅಂತಾನೂ ಅಂದ್ರು.

ಈಗ ಒಬ್ಬ ಸರ್ಜನ್ ವರ್ಷದೊಳಗೆ ಮಾಡಿಸಿ ಅಂತಾರೆ, ಯಜಮಾನ್ರು ಅಷ್ಟು ಚಿಕ್ಕ ಮಗೂಗೆ ಅನಸ್ತೇಷಿಯಾ ಬೇಡ ಐದು ವರ್ಷ ಆಗ್ಲಿ ಅಂತಾರೆ, ಅತ್ತೆ ಮಾತ್ರ ನಾನು ಏಳನೇ ತಿಂಗಳಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದಕ್ಕೇ ಹೀಗಾಯ್ತು ಅಂತ ದಿನಾ ಒಂದ್ಸಲ ಹೇಳ್ದೇ ಬಿಡಲ್ಲ. ಮುಂದೆ ಇವನಿಗೆ ಮಕ್ಕಳಾಗುತ್ತಾ ಅನ್ನೋದೂ ತಲೇಲಿ ಕೂತುಬಿಟ್ಟಿದೆ.

ಮಕ್ಕಳ_ಸರ್ಜರಿ_ಪಿಜಿ

ಅಕ್ಕ, ನಾನು ಮಕ್ಕಳ ಸರ್ಜರಿ ಓದ್ತಾ ಇರೋನು, ಕನ್ಸಲ್ಟೆಂಟ್ ಅಲ್ಲ, ನಿಮ್ಮ ಮಗೂನ ನೋಡೂ ಇಲ್ಲ, ಅದನ್ನ ಮನಸಲ್ಲಿಟ್ಕೊಂಡು ಓದಿ.

ಗ್ರಹಣದ ವಿಷ್ಯ ಮೊದ್ಲು ಮುಗಿಸಿಬಿಡೋಣ. ಗಂಡು ಮಗೂಗೆ ಹೊಟ್ಟೇಲಿ ಸುಮಾರು 8ನೇ ವಾರ ಶುರುವಾಗಿ ಮೂರು ನಾಕು ತಿಂಗಳೊಳಗೆ ಮೂತ್ರನಾಳ ಬುಡದಿಂದ ತುದಿ ಕಡೆಗೆ ಸ್ವೆಟರಿನ ಜಿಪ್ ಎಳೆದಂಗೆ ಮುಚ್ಚಿಕೊಂಡು ಬರುತ್ತೆ. ಆ ಜಿಪ್ ಎಲ್ಲಿ ನಿಲ್ಲುತ್ತೋ ಅಲ್ಲೇ ತೂತು ಉಳ್ಕೊಳುತ್ತೆ. ನೀವು ಹೊರಗೆ ಬಂದಿದ್ದು ಏಳನೇ ತಿಂಗಳು, ಅಷ್ಟೊತ್ತಿಗೆ ಈ ಕೆಲಸ ಮುಗಿದು ಯಾವ ಕಾಲ ಆಗಿತ್ತು! ಇದನ್ನ ಹಾಗೇ ಅತ್ತೆಗೆ ಓದಿ ಹೇಳಿ. ಕಾರಣ ಹೆಚ್ಚಿನ ಮಕ್ಕಳಲ್ಲಿ ಸಿಗೋದೇ ಇಲ್ಲ, ಕಡಿಮೆ ತೂಕದ ಮಕ್ಕಳಲ್ಲಿ ಜಾಸ್ತಿ, ಅಪ್ಪನಿಗೋ ಅಣ್ಣನಿಗೋ ಇದ್ರೆ ಬರೋ ಸಾಧ್ಯತೆ ಸ್ವಲ್ಪ ಜಾಸ್ತಿ. 200-300 ಗಂಡು ಮಕ್ಕಳಿಗೆ ಒಬ್ಬನಿಗೆ ಇರುತ್ತೆ ಅಂದ್ರೆ ನಿಮ್ಮೂರಲ್ಲೇ ಎಷ್ಟು ಜನ ಇರಬಹುದು ಲೆಕ್ಕ ಹಾಕಿ, ಯಾರೂ ಹೇಳ್ಕೊಳಲ್ಲ ಅಷ್ಟೇ.

ನೀವು ಹೇಳಿದ್ದು ನೋಡಿದ್ರೆ ತುದಿ ಹತ್ರದ್ದು, ಡಿಸ್ಟಲ್ ಅಂತೀವಿ, ಮುಕ್ಕಾಲುಪಾಲು ಇದೇ ಥರದ್ದು. ಎರಡೂ ಬೀಜ ಕೆಳಗಿದ್ರೆ ಮುಂದೆ ಮಕ್ಕಳಾಗೋದಕ್ಕೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಸರ್ಜರಿ 6ರಿಂದ 18 ತಿಂಗಳೊಳಗೆ ಅನ್ನೋದು ಈಗಿನ ಪದ್ಧತಿ. ಐದು ವರ್ಷಕ್ಕೆ ಕಾಯೋದ್ರಿಂದ ಲಾಭ ಏನೂ ಇಲ್ಲ. ವರ್ಷದ ಮಗು ಡೈಪರಲ್ಲೇ ಇರುತ್ತೆ, ಆಪರೇಷನ್ ಆದ್ಮೇಲೆ ಉಚ್ಚೆ ಹೋಗೋಕೆ ಹಾಕಿರೋ ಟ್ಯೂಬ್ ಇದ್ರೂ ನೋಡ್ಕೊಳೋದು ಸುಲಭ, ಮುಂದೆ ನೆನಪೂ ಇರಲ್ಲ. ಐದು ವರ್ಷದೋನು ಹೆದರ್ತಾನೆ, ಟ್ಯೂಬ್ ಎಳ್ಕೋತಾನೆ, ಅಷ್ಟೊತ್ತಿಗೆ ಸ್ಕೂಲ್ ಬಾತ್ರೂಮಲ್ಲಿ ಬೇರೆ ಹುಡುಗ್ರು ನೋಡಿ ನಕ್ಕೂ ಆಗಿರುತ್ತೆ.

ಡಿಸ್ಟಲ್‌ಗೆ ಜಾಸ್ತಿ ಮಾಡೋದು ಟಿಐಪಿ ಅನ್ನೋ ಆಪರೇಷನ್, 1994ರಲ್ಲಿ ಸ್ನಾಡ್‌ಗ್ರಾಸ್ ಅನ್ನೋರು ಬರೆದಿದ್ದು. ಇರೋ ಚರ್ಮದ ಪಟ್ಟಿಯ ನಡುವೆ ಉದ್ದಕ್ಕೆ ಒಂದು ಗೀರು ಕೊಟ್ಟು ಅಗಲ ಮಾಡಿ, ಸುರುಳಿ ಸುತ್ತಿ ನಾಳ ಮಾಡ್ತಾರೆ. ತೂತು ತುಂಬಾ ಹಿಂದೆ ಇದ್ದು ಶಿಶ್ನ ಜೋರಾಗಿ ಬಾಗಿದ್ರೆ ಎರಡು ಹಂತದಲ್ಲಿ, ನಡುವೆ ಆರು ತಿಂಗಳು ಬಿಟ್ಟು ಮಾಡೋದೂ ಇದೆ. ಸರ್ಜನ್‌ನ ಒಂದೇ ಪ್ರಶ್ನೆ ಕೇಳಿ, ವರ್ಷಕ್ಕೆ ಇಂಥವು ಎಷ್ಟು ಮಾಡ್ತೀರಿ ಅಂತ. ಮುಜುಗರ ಪಡಬೇಡಿ, ಕೈ ಪಳಗಿರೋದೇ ಇದರಲ್ಲಿ ಮುಖ್ಯ.

ಕಲಬುರಗಿ_ಅಬ್ಬಾ

ಸರ್ ಒಂದು ಮಾತು ಬಿಟ್ರು, ನಾ ಹೇಳ್ತೀನ್ರಿ. ನಮ್ಮ ಮಗ ಹುಟ್ಟಿದಾಗ ಹಿಂಗೇ ಮುಂದಿನ ಚರ್ಮ ಅರ್ಧ ಇತ್ತು, ನಮ್ಮ ಮಂದಿ ಎಲ್ಲಾ ಹುಟ್ಟುತ್ಲೇ ಮುಂಜಿ (ಸುನ್ನತ್) ಆಗಿ ಬಂದಾನ, ಪುಣ್ಯವಂತ ಅಂತ ಬರ್ಫಿ ಹಂಚಿದ್ರು. ನಾನೂ ಹಂಚೀನಿ. ನಮ್ಮ ಅಬ್ಬಾ ಮಾತ್ರ ಇನ್ನಷ್ಟು ಚರ್ಮ ಉಳದದ ಅದನ್ನೂ ತೆಗೆಸಿಬಿಡು ಅಂದ್ರು, ಕರ್ಕೊಂಡು ಹೋದಾಗ ಡಾಕ್ಟರ್ ನೋಡಿ ಕತ್ರಿ ಬದೀಗಿಟ್ರು. ಈ ಚರ್ಮನೇ ನಾಳೆ ರಿಪೇರಿಗೆ ಬೇಕಾಗ್ತದ, ಈಗ ತೆಗದ್ರ ಆಮೇಲೆ ಬಾಯಿ ಒಳಗಿಂದ ಚರ್ಮ ತೆಗೆದು ಹಚ್ಚೋ ಪರಿಸ್ಥಿತಿ ಬರಬಹುದು ಅಂದ್ರು. ಅವತ್ತು ಅವರು ನೋಡ್ಲಿಲ್ಲಂದ್ರ ನಮ್ಮ ಹುಡುಗನ ಗತಿ ಏನು ಅಂತ ಈಗ್ಲೂ ಎದಿ ಝಲ್ ಅಂತದ. ನಮ್ಮಲ್ಲಿ ಯಾರ ಮನ್ಯಾಗ ಹಿಂಗ ಹುಟ್ಟಿದ್ರೂ ಮುಂಜಿ ಮಾಡೋ ಮುಂಚೆ ಒಮ್ಮೆ ಮಕ್ಕಳ ಸರ್ಜನ್‌ಗೆ ತೋರಿಸ್ರಿ. ಆಪರೇಷನ್ ಆದ್ಮೇಲೆ ನೋಡಿದ್ರ ಮುಂಜಿ ಆದಂಗೇ ಕಾಣ್ತದ, ಎರಡೂ ಒಂದೇ ಸಲ ಮುಗೀತದ.

ನಾಟಿ_ವೈದ್ಯ_ಪ್ರಿಯ

ಇಷ್ಟಕ್ಕೆಲ್ಲಾ ಆಪರೇಷನ್ನಾ? ದಿನಾ ಕೊಬ್ರಿ ಎಣ್ಣೆ ಹಚ್ಚಿ ಚರ್ಮ ಹಿಂದಕ್ಕೆ ಎಳೀರಿ ತಾನಾಗೇ ಸರಿ ಹೋಗುತ್ತೆ, ನಮ್ಮ ಕಾಲದಲ್ಲಿ ಯಾರಿಗೆ ಇವೆಲ್ಲಾ ಇತ್ತು.

ಮಕ್ಕಳ_ಸರ್ಜರಿ_ಪಿಜಿ

ಅಣ್ಣಾ ದಯವಿಟ್ಟು ಹೀಗೆ ಹೇಳಬೇಡಿ. ತೂತು ಇರೋ ಜಾಗ ಎಣ್ಣೆಗೆ ಮೇಲಕ್ಕೆ ಹೋಗಲ್ಲ. ಏನೂ ತೊಂದ್ರೆ ಇಲ್ಲದ ಮಕ್ಕಳಿಗೂ ಚರ್ಮ ಎಳೀಬಾರ್ದು, ಹುಟ್ಟಿದಾಗ ಅದು ಅಂಟಿಕೊಂಡೇ ಇರುತ್ತೆ, ವರ್ಷಗಳು ಕಳೆದ ಹಾಗೆ ತಾನಾಗೇ ಬಿಡುತ್ತೆ. ಬಲವಂತವಾಗಿ ಎಳೆದ್ರೆ ಸೀಳಿ, ಗಾಯ ಮಾಗಿ, ನಿಜವಾಗ್ಲೂ ಬಿಗಿಯಾಗುತ್ತೆ. ಓಪಿಡಿಗೆ ವಾರಕ್ಕೆ ಇಬ್ರಾದ್ರೂ ಹಾಗೆ ಬರ್ತಾರೆ. ನಿಮ್ಮ ಕಾಲದಲ್ಲೂ ಇತ್ತು, ಕೂತು ಉಚ್ಚೆ ಹೊಯ್ತಿದ್ರು, ಯಾರ ಹತ್ರಾನೂ ಬಾಯಿ ಬಿಡ್ತಿರ್ಲಿಲ್ಲ.

ಧಾರವಾಡದ_ಟೀಚರ್

ನಮ್ಮ ಹುಡುಗಂದ ಕಥಿ ಬ್ಯಾರೆ ಐತ್ರಿ, ಆದ್ರ ಮುಚ್ಚಿಡೂದರ ಕಥೀನ. ಅವಂಗ ಬಲಗಡೆ ಬೀಜ ಇಳದಿದ್ದಿಲ್ಲ. ನಂಗ ಗೊತ್ತಿತ್ರಿ, ಎರಡು ವರ್ಷದಾಂವ ಇದ್ದಾಗ ಜಳಕಾ ಮಾಡಸುವಾಗ ನೋಡಿದ್ದೆ. ನಮ್ಮ ಅತ್ತಿಯವರು ಬೆಳದಂಗ ಇಳೀತದ ಬಿಡ ಅಂದ್ರು, ನಾ ಸುಮ್ನಾದೆ. ಸಾಲ್ಯಾಗ ಆರ್‌ಬಿಎಸ್‌ಕೆ ಅಂದ್ರ ಮಕ್ಕಳ ಆರೋಗ್ಯ ನೋಡೂ ಸರ್ಕಾರಿ ಯೋಜನೆ ತಂಡದವರು ತಪಾಸಣಿಗೆ ಬಂದಾಗ ಡಾಕ್ಟರು ಹಿಡದು ಚೀಟಿ ಕೊಟ್ರು, ಆಗ ಅಂವಗ 8 ವರ್ಷ! ನಾನ ಆ ಸಾಲಿ ಟೀಚರು, ಉಳದ ಮಕ್ಕಳಿಗೆಲ್ಲಾ ಸಾಲಾಗಿ ನಿಲ್ರಿ ಅಂತ ಹೇಳಾಕಿ, ನನ್ನ ಮಗನ ಚೀಟಿ ಓದಿ ನಾಚಿಕಿಯಾತು. ಆಪರೇಷನ್ ಆತು, ಬೀಜ ಕೆಳಗ ತಂದು ಹೊಲದ್ರು, ಆದ್ರ ಆ ಕಡೇದು ಸಣ್ಣದ ಐತಿ. ಮೊದಲ ವರ್ಷದಾಗ ಬಂದಿದ್ರ ಚಲೋ ಇತ್ತು ಅಂತ ಸರ್ಜನ್ ಅಂದ್ರು, ಬಯ್ಯಲಿಲ್ಲ, ಅದಕ್ಕ ಇನ್ನೂ ಕೆಟ್ಟನಿಸ್ತು.

ಮಕ್ಕಳ_ಸರ್ಜರಿ_ಪಿಜಿ

ಟೀಚರ್ ಮೇಡಂ, ನೀವು ಬರೆದಿದ್ದು ತುಂಬಾ ಜನರಿಗೆ ಉಪಯೋಗ. ತಿಂಗಳು ತುಂಬಿ ಹುಟ್ಟಿದ ನೂರು ಗಂಡು ಮಕ್ಕಳಲ್ಲಿ ಸುಮಾರು ಮೂವರಿಗೆ ಹುಟ್ಟುವಾಗ ಬೀಜ ಇಳಿದಿರಲ್ಲ, ತಿಂಗಳಿಗೆ ಮುಂಚೆ ಹುಟ್ಟಿದೋರಲ್ಲಿ ಇನ್ನೂ ಜಾಸ್ತಿ. ಇಳಿಯೋದಿದ್ರೆ ಮೊದಲ ಮೂರರಿಂದ ಆರು ತಿಂಗಳಲ್ಲೇ ಇಳಿಯುತ್ತೆ. ಆರು ತಿಂಗಳಾದ್ಮೇಲೂ ಇಲ್ಲ ಅಂದ್ರೆ ತಾನಾಗಿ ಬರೋದು ಅಪರೂಪ, 18 ತಿಂಗಳೊಳಗೆ ಆರ್ಕಿಡೋಪೆಕ್ಸಿ, ಅಂದ್ರೆ ಬೀಜ ಕೆಳಗೆ ತಂದು ಹೊಲಿಯೋ ಆಪರೇಷನ್, ಮಾಡಿಸಬೇಕು. ಹೊಟ್ಟೆಯೊಳಗಿನ ಬಿಸಿ ಅದಕ್ಕೆ ಆಗಿ ಬರಲ್ಲ, ವರ್ಷ ಕಳೆದಂಗೆ ವೀರ್ಯ ತಯಾರು ಮಾಡೋ ಶಕ್ತಿ ಕುಗ್ಗುತ್ತೆ, ದೊಡ್ಡೋನಾದ್ಮೇಲೆ ಕ್ಯಾನ್ಸರ್ ಬರೋ ಸಾಧ್ಯತೆನೂ ಬೇರೆಯವರಿಗಿಂತ ಹೆಚ್ಚು.

ಒಂದು ಗೊಂದಲ ಇದೆ. ಕೆಲವು ಮಕ್ಕಳಲ್ಲಿ ಚಳಿಗೋ ಹೆದರಿಕೆಗೋ ಮೇಲಕ್ಕೆ ಓಡುತ್ತೆ, ಬಿಸಿನೀರು ಹಾಕಿದಾಗ, ಚಕ್ಕಳಮಕ್ಕಳ ಹಾಕ್ಕೊಂಡು ಕೂತಾಗ ಕೆಳಗೆ ಬಂದು ಆರಾಮಾಗಿ ಕೂರುತ್ತೆ. ಅದಕ್ಕೆ ಆಪರೇಷನ್ ಬೇಡ, ವರ್ಷಕ್ಕೊಮ್ಮೆ ತೋರಿಸ್ತಾ ಇರಿ ಸಾಕು. ಇನ್ನೊಂದು, ಬೀಜ ಎಲ್ಲಿದೆ ಹುಡುಕೋಕೆ ಅಂತ ಮೊದಲೇ ಸ್ಕ್ಯಾನ್ ಮಾಡಿಸ್ಕೊಂಡು ಬರಬೇಡಿ, ದುಡ್ಡು ದಂಡ. ಕೈಗೆ ಸಿಕ್ರೆ ಸ್ಕ್ಯಾನ್ ಬೇಡ, ಕೈಗೆ ಸಿಗದಿದ್ರೆ ಸ್ಕ್ಯಾನಲ್ಲಿ ಕಾಣ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಹೇಳೋಕಾಗಲ್ಲ, ಲ್ಯಾಪರೋಸ್ಕೋಪಿಲಿ, ಅಂದ್ರೆ ಹೊಟ್ಟೆಯೊಳಗೆ ಸಣ್ಣ ಕ್ಯಾಮೆರಾ ಹಾಕಿ, ನೋಡಲೇಬೇಕು.

ಉಡುಪಿ_ಮೀನಕ್ಕ

ನಮ್ದು ಗಂಡಲ್ಲ ಮಾರಾಯ್ರೆ, ಹೆಣ್ಣು ಮಗು, ತೊಂದ್ರೆ ಕಿಡ್ನಿದು. 32ನೇ ವಾರದ ಸ್ಕ್ಯಾನಲ್ಲಿ ಎಡಗಡೆ ಕಿಡ್ನಿ 12 ಮಿಲಿಮೀಟರ್ ಊದಿದೆ ಅಂತ ಬಂತು, ಹೈಡ್ರೋನೆಫ್ರೋಸಿಸ್. ಆ ರಾತ್ರಿ ನಾನು ಊಟ ಮಾಡ್ಲಿಲ್ಲ. ಡಾಕ್ಟ್ರು ಹೆಚ್ಚಿನ ಮಕ್ಕಳಿಗೆ ಹುಟ್ಟಿದ ಮೇಲೆ ತನ್ನಿಂತಾನೇ ಹೋಗ್ತದೆ ಅಂದ್ರು. ಹೆರಿಗೆ ಆದ ಮರುದಿನವೇ ಸ್ಕ್ಯಾನ್ ಮಾಡಿದ್ರು, ನಾರ್ಮಲ್! ಎಲ್ಲರಿಗೂ ಫೋನ್ ಮಾಡಿ ಹೇಳಿ ಆಯ್ತು. ವಾರ ಕಳೆದು ಮತ್ತೆ ಮಾಡ್ಬೇಕು ಅಂದಿದ್ರು, ನಮ್ಮವರು ಯಾಕೆ ಇನ್ನು ಅಂದ್ರು, ನಾನು ಹಟ ಮಾಡಿ ಹೋದೆ, 18 ಮಿಲಿಮೀಟರ್. ಮೊದಲ ಎರಡು ದಿನ ಮಗುವಿಗೆ ಹಾಲು ಸರಿ ಸಿಕ್ಕಿರುವುದಿಲ್ಲ, ಮೂತ್ರವೂ ಕಡಿಮೆ, ಹಾಗಾಗಿ ಊದಿದ್ದು ಕಾಣುವುದೇ ಇಲ್ಲವಂತೆ. ಅದನ್ನು ಮೊದಲೇ ಬಿಡಿಸಿ ಹೇಳಿದ್ರೆ ನಾವು ಹಾಗೆ ಊರಿಗೆಲ್ಲ ಡಂಗುರ ಹೊಡೀತಿರ್ಲಿಲ್ಲ.

ಆಮೇಲೆ ಇಸಿ ಸ್ಕ್ಯಾನ್, ಅಂದ್ರೆ ಇಂಜೆಕ್ಷನ್ ಕೊಟ್ಟು ಮೂತ್ರ ಹೋಗೋ ಮದ್ದೂ ಕೊಟ್ಟು ಯಾವ ಕಿಡ್ನಿ ಎಷ್ಟು ಕೆಲಸ ಮಾಡ್ತದೆ ಅಂತ ನೋಡೋದು. ಎಡಗಡೆ 36 ಪರ್ಸೆಂಟ್ ಬಂತು. ಕಿಡ್ನಿಯಿಂದ ನಳಿಗೆ ಹೊರಡುವಲ್ಲೇ ಅಡ್ಡಿ, ಪಿಯುಜೆ ಬ್ಲಾಕ್. ಐದನೇ ತಿಂಗಳಲ್ಲಿ ಆ ಅಡ್ಡಿ ಸರಿ ಮಾಡುವ ಆಪರೇಷನ್, ಪೈಲೋಪ್ಲಾಸ್ಟಿ ಆಯ್ತು, ಒಳಗೆ ಸ್ಟೆಂಟ್ ಅಂತ ಸಣ್ಣ ನಳಿಗೆ ಇಟ್ಟು ಆರು ವಾರ ಬಿಟ್ಟು ತೆಗೆದ್ರು. ಈಗ ಮೂರು ವರ್ಷ, ಮನೆಯಲ್ಲಿ ಅವಳದ್ದೇ ರಾಜ್ಯ.

ದಾವಣಗೆರೆ_ಅಪ್ಪ

ಮೇಲೆ ಎಲ್ಲರದೂ ಓದಿದೆ. ನಂದು ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ಹಾಸನದ ಸಿಸ್ಟರ್‌ಗೆ ಹೇಳಿದ ಆ ಅಜ್ಜಿ ಥರ ನಮಗೂ ಯಾರಾದ್ರೂ ಇದ್ದಿದ್ರೆ ಅಂತ ಅನ್ನಿಸ್ತು.

ನಮ್ಮ ಹುಡುಗ ಹುಟ್ಟಿದಾಗಿಂದ ಉಚ್ಚೆ ಹನಿ ಹನಿ ಹೋಗೋದು. ಡೈಪರ್ ಯಾವಾಗ ಮುಟ್ಟಿದ್ರೂ ಒದ್ದೆ, ಹಂಗಾಗಿ ನಮಗೆ ಚೆನ್ನಾಗೇ ಹೋಗ್ತಿದೆ ಅಂತ. ನರ್ಸಿಂಗ್ ಹೋಮಲ್ಲಿ ಕೇಳಿದ್ರೆ ನಾರ್ಮಲ್ ಅಂದ್ರು, ಹೊಕ್ಕಳ ಕೆಳಗೆ ಗಟ್ಟಿ ಇದೆ ಅಂದ್ರೆ ಗ್ಯಾಸ್ ಅಂತ ಗ್ರೈಪ್ ವಾಟರ್ ಬರೆದ್ರು. ಆ ಗಟ್ಟಿ ಇದ್ದಿದ್ದು ತುಂಬಿ ತುಳುಕ್ತಿದ್ದ ಮೂತ್ರಚೀಲ. 20ನೇ ದಿನಕ್ಕೆ ಜ್ವರ ಬಂತು, ಹಾಲು ಬಿಟ್ಟ, ರಾತ್ರಿ ಆಂಬುಲೆನ್ಸಲ್ಲಿ ಬೆಂಗಳೂರು. ಕ್ರಿಯಾಟಿನಿನ್ (ಕಿಡ್ನಿ ಕೆಲಸ ಕೆಟ್ಟಷ್ಟೂ ರಕ್ತದಲ್ಲಿ ಏರೋದು) 3.8. ಆ ಸಂಖ್ಯೆ ಏನು ಅಂತ ಅವತ್ತು ಗೊತ್ತಿರ್ಲಿಲ್ಲ, ಇವತ್ತು ನಿದ್ದೇಲಿ ಕೇಳಿದ್ರೂ ಹೇಳ್ತೀನಿ, ವರ್ಷದ ಮಗೂಗೆ 0.4ರ ಒಳಗೆ ಇರಬೇಕು.

ಅದಕ್ಕೆ ಪಿಯುವಿ ಅಂತಾರೆ, ಪೋಸ್ಟೀರಿಯರ್ ಯುರೆಥ್ರಲ್ ವಾಲ್ವ್. ಗಂಡು ಮಕ್ಕಳಿಗೆ ಮಾತ್ರ ಬರೋದು, ಮೂತ್ರನಾಳದೊಳಗೆ ಹುಟ್ಟಿನಿಂದ್ಲೇ ತೆಳ್ಳಗೆ ಪೊರೆ ಬೆಳೆದು ದಾರಿ ಕಟ್ಟಿರುತ್ತೆ. ಮೊದಲು ಸಣ್ಣ ಫೀಡಿಂಗ್ ಟ್ಯೂಬನ್ನೇ ಮೂತ್ರದ ದಾರೀಲಿ ಹಾಕಿ ಖಾಲಿ ಮಾಡಿದ್ರು, ಇನ್ಫೆಕ್ಷನ್ನಿಗೆ ಇಂಜೆಕ್ಷನ್ನು, ಆಮೇಲೆ ಎಂಸಿಯು ಅಂತ ಡೈ ಬಿಟ್ಟು ಎಕ್ಸ್‌ರೇ. ಮಗು ಉಚ್ಚೆ ಹೊಯ್ಯೋ ಕ್ಷಣದಲ್ಲೇ ಫಿಲ್ಮ್ ತೆಗೀಬೇಕು, ನಾವೆಲ್ಲಾ ಸುತ್ತ ನಿಂತು ಇವನು ಯಾವಾಗ ಹೊಯ್ತಾನೆ ಅಂತ ಕಾಯ್ತಾ ಇದ್ವಿ, ಟೆಕ್ನಿಷಿಯನ್ ಹೊಟ್ಟೆ ಮೇಲೆ ತಣ್ಣೀರು ಚಿಮುಕಿಸಿದ್ರು. ಆ ಫಿಲ್ಮಲ್ಲಿ ಮೇಲ್ಗಡೆ ನಾಳ ಸೋರೆಕಾಯಿ ಥರ ಉಬ್ಬಿದೆ, ಕೆಳಗೆ ದಾರದ ಎಳೆ ಅಷ್ಟು. ಕ್ಯಾಮೆರಾ ಹಾಕಿ ಪೊರೆ ಸುಟ್ಟು ತೆಗೆಯೋಕೆ ಇಪ್ಪತ್ತು ನಿಮಿಷ ಆಯ್ತಷ್ಟೆ.

ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ, ಅದೇ ನನ್ನ ತಪ್ಪು ತಿಳುವಳಿಕೆ. ಪೊರೆ ಹೋದ್ರೂ ಹೊಟ್ಟೇಲಿರೋವಾಗ್ಲೇ ಕಿಡ್ನಿಗೆ, ಮೂತ್ರಚೀಲಕ್ಕೆ ಆಗಿದ್ದ ಏಟು ಹಾಗೇ ಇರುತ್ತೆ. ಮೊದಲ ವರ್ಷದಲ್ಲಿ ಕ್ರಿಯಾಟಿನಿನ್ ಎಷ್ಟು ಕೆಳಗೆ ಇಳಿಯುತ್ತೆ ಅನ್ನೋದ್ರ ಮೇಲೆ ಮುಂದಿನದು ಒಂದು ಮಟ್ಟಿಗೆ ಗೊತ್ತಾಗುತ್ತೆ ಅಂದ್ರು, ಇವಂದು 0.7ಕ್ಕೆ ನಿಂತಿತು. ಈಗ ಆರು ವರ್ಷ. ಎರಡು ಗಂಟೆಗೊಮ್ಮೆ ಬರಲಿ ಬರದೇ ಇರಲಿ ಒಂದಕ್ಕೆ ಹೋಗ್ಬೇಕು, ಹೋಗಿ ಬಂದು ಐದು ನಿಮಿಷಕ್ಕೆ ಇನ್ನೊಂದ್ಸಲ ಹೋಗ್ಬೇಕು, ಚೀಲ ಪೂರ್ತಿ ಖಾಲಿ ಆಗ್ಲಿ ಅಂತ. ಕ್ಲಾಸಲ್ಲಿ ಮಿಸ್ಸು "ಈಗ ತಾನೇ ಹೋಗಿ ಬಂದ್ಯಲ್ಲೋ ಕಳ್ಳ" ಅಂತ ಕೂರಿಸ್ತಾರೆ. ಪ್ರತಿ ಜೂನ್‌ನಲ್ಲೂ ಹೊಸ ಮಿಸ್ಸಿಗೆ ಡಾಕ್ಟರ್ ಪತ್ರ ತಗೊಂಡು ಹೋಗಿ ವಿವರಿಸೋದು ನನ್ ಕೆಲಸ.

ಗಂಡು ಮಗು ಇರೋ ಎಲ್ರೂ ಒಂದ್ಸಲ ನಿಂತು ನೋಡಿ, ಧಾರೆ ಬರುತ್ತಾ ಹನಿಯುತ್ತಾ ಅಂತ. ಡೈಪರ್ ಹಾಕಿದ್ರೆ ಗೊತ್ತಾಗಲ್ಲ.

ಹೆಸರು_ಬೇಡ

ಇದನ್ನ ಬೇರೆ ಐಡಿಯಿಂದ ಬರೀತಿದೀನಿ. ನಮ್ಮ ಹತ್ತಿರದ ಸಂಬಂಧಿಕರ ಮಗು, ಹುಟ್ಟಿದಾಗ ಗಂಡು ಅಂದ್ರು, ತೂತು ಕೆಳಗಿದೆ, ಬೀಜ ಎರಡೂ ಸಿಗ್ತಿಲ್ಲ, ಆರು ತಿಂಗಳಾದ್ಮೇಲೆ ಬನ್ನಿ ಅಂದ್ರು. 12ನೇ ದಿನಕ್ಕೆ ವಾಂತಿ ಶುರುವಾಯ್ತು, ಮಗು ಒಣಗಿ ಹೋಯ್ತು, ಐಸಿಯುನಲ್ಲಿ ಸೋಡಿಯಂ ಪಾತಾಳದಲ್ಲಿತ್ತು. ಪರೀಕ್ಷೆ ಮಾಡಿದ್ರೆ ಗರ್ಭಕೋಶ ಇದೆ, ಹೆಣ್ಣು ಮಗು. ಮಗು ಈಗ ಚೆನ್ನಾಗಿದೆ, ಮಾತ್ರೆ ತಗೋತಾಳೆ. ಆದ್ರೆ ಹೆಸರಿಟ್ಟು ತೊಟ್ಟಿಲು ಶಾಸ್ತ್ರ ಆಗಿಹೋಗಿತ್ತು, ಊರಿಗೆ ಏನಂತ ಹೇಳೋದು ಅಂತ ಆ ತಾಯಿ ಪಟ್ಟ ಪಾಡು ನಾನು ಕಣ್ಣಾರೆ ನೋಡಿದೀನಿ.

ಮಕ್ಕಳ_ಸರ್ಜರಿ_ಪಿಜಿ

ಬರೆದಿದ್ದಕ್ಕೆ ಥ್ಯಾಂಕ್ಸ್. ಅದು ಸಿಎಎಚ್, ಅಡ್ರಿನಲ್ ಗ್ರಂಥಿಯ ತೊಂದರೆ. ಕಾರ್ಟಿಸಾಲ್ ಅನ್ನೋ ಹಾರ್ಮೋನು ತಯಾರಾಗೋ ದಾರಿ ಕಟ್ಟಿ ಗಂಡಸಿನ ಹಾರ್ಮೋನು ಜಾಸ್ತಿಯಾಗುತ್ತೆ, ಹೆಣ್ಣು ಮಗೂನ ಹೊರಗಿನ ಅಂಗ ಗಂಡಿನ ಥರ ಕಾಣುತ್ತೆ, ಉಪ್ಪು ಮೂತ್ರದಲ್ಲಿ ಹರಿದುಹೋಗಿ ಮೊದಲ ಎರಡು ಮೂರು ವಾರದಲ್ಲೇ ಜೀವಕ್ಕೆ ಅಪಾಯ ಬರುತ್ತೆ. ಆದ್ರಿಂದ ಎರಡೂ ಬೀಜ ಕೈಗೆ ಸಿಗದೇ ಇರೋ ಮಗು, ಅದ್ರಲ್ಲೂ ತೂತು ಕೆಳಗಿದ್ರೆ, "ಆರು ತಿಂಗಳಾದ್ಮೇಲೆ ನೋಡೋಣ" ಕೇಸ್ ಅಲ್ಲವೇ ಅಲ್ಲ. 17-ಒಎಚ್‌ಪಿ ಅನ್ನೋ ಹಾರ್ಮೋನಿನ ರಕ್ತಪರೀಕ್ಷೆ, ಸೋಡಿಯಂ ಪೊಟ್ಯಾಶಿಯಂ, ಹೊಟ್ಟೆ ಸ್ಕ್ಯಾನ್, ಕ್ಯಾರಿಯೋಟೈಪ್ (ಕ್ರೋಮೋಸೋಮ್ ಪರೀಕ್ಷೆ) ಎಲ್ಲಾ ಆಸ್ಪತ್ರೆಯಿಂದ ಮನೆಗೆ ಕಳಿಸೋ ಮುಂಚೆನೇ ಶುರುವಾಗಬೇಕು. ರಿಪೋರ್ಟ್ ಬರೋವರೆಗೆ ಗಂಡೋ ಹೆಣ್ಣೋ ಅಂತ ಹೇಳದೇ ಇದ್ರೂ ಪರ್ವಾಗಿಲ್ಲ, ಶಾಸ್ತ್ರ ಹದಿನೈದು ದಿನ ತಡ ಆಗ್ಲಿ.

ಇಂಥ ಮಕ್ಕಳ ಜನನಾಂಗಕ್ಕೆ ಬೇಗ ಸರ್ಜರಿ ಮಾಡ್ಬೇಕಾ ಬೇಡ್ವಾ ಅನ್ನೋದು ಈಗ ದೊಡ್ಡ ಚರ್ಚೆ. 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ್ಮೇಲೆ ತಮಿಳುನಾಡು ಸರ್ಕಾರ ಇಂಟರ್‌ಸೆಕ್ಸ್, ಅಂದ್ರೆ ಗಂಡು ಹೆಣ್ಣು ಅಂತ ಮಾಮೂಲಾಗಿ ಗುರುತಿಸೋ ಥರ ದೇಹ ಇಲ್ಲದೇ ಹುಟ್ಟೋ ಮಕ್ಕಳಿಗೆ ಜೀವಕ್ಕೆ ಅಪಾಯ ಇದ್ರೆ ಬಿಟ್ಟು ಅಂಥ ಆಪರೇಷನ್ ಮಾಡಬಾರದು ಅಂತ ಆದೇಶ ಹೊರಡಿಸಿತು. ನನ್ನ ಕೇಳಿದ್ರೆ, ಮೂತ್ರಕ್ಕೋ ಕಿಡ್ನಿಗೋ ಅಡ್ಡಿ ಇದ್ರೆ ಬೇಗ ಮಾಡಿ, ಬರೀ ನೋಡೋಕೆ ಸರಿ ಕಾಣ್ಲಿ ಅಂತಾದ್ರೆ ಆ ಮಗು ಮಾತಾಡೋವರೆಗೆ ಕಾಯೋದು ವಾಸಿ. ನಮ್ಮ ಡಿಪಾರ್ಟ್‌ಮೆಂಟಲ್ಲೇ ಇದಕ್ಕೆ ಒಪ್ಪದವರಿದ್ದಾರೆ.

ಲಂಡನ್_ಗೌಡ್ತಿ

ಇಲ್ಲಿ ಹುಟ್ಟಿದ 72 ಗಂಟೆಯೊಳಗೆ ಒಂದ್ಸಲ, ಮತ್ತೆ 6ರಿಂದ 8 ವಾರಕ್ಕೆ ಒಂದ್ಸಲ ಕಣ್ಣು, ಹೃದಯ, ಸೊಂಟ, ಗಂಡಾದ್ರೆ ಬೀಜ, ಇಷ್ಟನ್ನ ಎಲ್ಲಾ ಮಕ್ಕಳಿಗೂ ಮಾಡೋ ತಪಾಸಣೇಲಿ ನೋಡಿ ಪುಸ್ತಕದಲ್ಲಿ ಬರೀತಾರೆ. ನಮ್ಮೂರ ಕಡೆ ಆ ಕೆಲಸ ಎಣ್ಣೆನೀರಿನ ಅಜ್ಜಿ ಮಾಡ್ತಾರೆ ಅಂತ ಓದಿ ನಗೂನೂ ಬಂತು, ಅಜ್ಜಿ ಮೇಲೆ ಗೌರವಾನೂ ಬಂತು.

ತುಮಕೂರು_ಮಾವ

ಖರ್ಚಿನ ಬಗ್ಗೆ ಯಾರೂ ಹೇಳ್ಲಿಲ್ಲ. ಬಿಪಿಎಲ್ ಕಾರ್ಡ್ ಇದ್ರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಆದ್ರೆ ಪ್ಯಾಕೇಜ್ ದರದಲ್ಲಿ 30 ಪರ್ಸೆಂಟ್ ಸರ್ಕಾರ ಕೊಡುತ್ತೆ. ಎಮರ್ಜೆನ್ಸಿ ಅಲ್ಲ ಅಂದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತಗೋಬೇಕು, ನೇರ ಖಾಸಗಿಗೆ ಹೋಗಿ ಕಾರ್ಡ್ ತೋರ್ಸಿದ್ರೆ ಆಗಲ್ಲ. ಬೆಂಗಳೂರಲ್ಲಾದ್ರೆ ನಿಮ್ಹಾನ್ಸ್ ಹತ್ರ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇದೆ. ನನ್ನ ಅಕ್ಕನ ಮಗನಿಗೆ ಇದೇ ಹೈಪೋಸ್ಪೇಡಿಯಾಸ್ ಆಪರೇಷನ್ ಆದ್ಮೇಲೆ ಹೊಲಿಗೆ ಜಾಗದಲ್ಲಿ ಸೂಜಿ ಮೊನೆಯಷ್ಟು ತೂತು ಬಿದ್ದು ಎರಡು ಕಡೆ ಉಚ್ಚೆ ಬರ್ತಿತ್ತು, ಫಿಸ್ಟುಲಾ ಅಂತಾರೆ. ಆರು ತಿಂಗಳು ಕಾದು ಮತ್ತೆ ಮುಚ್ಚಿದ್ರು, ಈಗ ಸರಿ ಇದಾನೆ. ಹೆದರಿಸೋಕೆ ಹೇಳ್ತಿಲ್ಲಮ್ಮ, ಒಂದೇ ಸಲಕ್ಕೆ ಮುಗಿಯುತ್ತೆ ಅಂತ ಗಟ್ಟಿಯಾಗಿ ನಂಬ್ಕೊಂಡು ಹೋಗ್ಬೇಡಿ.

ಹಾಸನದ_ಅಮ್ಮ

ಐದು ತಿಂಗಳಾದ್ಮೇಲೆ ಬಂದೆ, ಬೈಬೇಡಿ. ಅತ್ತೆಗೆ ಜಿಪ್ಪಿನ ಕಥೆ ಓದಿ ಹೇಳಿದೆ, ಒಂದು ನಿಮಿಷ ಸುಮ್ನಿದ್ದು "ಹಂಗಾದ್ರೆ ಮೂರನೇ ತಿಂಗಳಲ್ಲಿ ಏನು ಮಾಡಿದ್ದೆ ನೀನು" ಅಂದ್ರು. ಏನು ಹೇಳೋದು ಇವರಿಗೆ!

11 ತಿಂಗಳಿಗೆ ಆಪರೇಷನ್ ಆಯ್ತು. ಎಷ್ಟು ಮಾಡ್ತೀರಿ ಅಂತ ಕೇಳಿದೆ, ಸರ್ಜನ್ ಬೇಜಾರ್ ಮಾಡ್ಕೊಳ್ಳಲಿಲ್ಲ, ತಮ್ಮ ಕೇಸುಗಳಲ್ಲಿ ಎಷ್ಟು ಫಿಸ್ಟುಲಾ ಆಗಿದೆ ಅಂತಾನೂ ಅವರೇ ಹೇಳಿದ್ರು. ಎರಡು ಗಂಟೆ ಹಿಡೀತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಿಂದ ಅವತ್ತು ರಾತ್ರಿ ನೋವಿಲ್ಲದೇ ಮಲಗಿದ. ಏಳು ದಿನ ಟ್ಯೂಬ್. ಎರಡು ಡೈಪರ್ ಹಾಕ್ಬೇಕು, ಒಳಗಿನ ಡೈಪರಿಗೆ ಮುಂದೆ ಕತ್ತರೀಲಿ ಗುಣಾಕಾರದ ಗುರುತಿನ ಥರ ಸೀಳಿ ಅದರಿಂದ ಟ್ಯೂಬ್ ಹೊರಗೆ ತೆಗೆದು ಹೊರಗಿನ ಡೈಪರ್ ಒಳಗೆ ಬಿಡೋದು, ಉಚ್ಚೆ ಹೊರಗಿನದಕ್ಕೆ ಹೋಗುತ್ತೆ, ಗಾಯ ಒಣಗಿರುತ್ತೆ. ಮೊದಲ್ನೇ ಸಲ ನನ್ ಕೈ ನಡುಗ್ತಿತ್ತು, ನರ್ಸ್ ತೋರಿಸಿಕೊಟ್ರು. ಮೂರನೇ ದಿನ ಕಾಲು ಮಡಚ್ಕೊಂಡು ಕಿರುಚೋನು, ಮೂತ್ರಚೀಲ ಹಿಂಡುತ್ತೆ ಟ್ಯೂಬ್ ಇರೋದಕ್ಕೆ ಅಂದ್ರು, ಸಿರಪ್ ಕೊಟ್ರು, ಅದಕ್ಕೆ ಮುಖ ಎಲ್ಲಾ ಕೆಂಪಗಾಗಿ ಬಾಯಿ ಒಣಗ್ತಿತ್ತು. ಏಳನೇ ದಿನ ಟ್ಯೂಬ್ ತೆಗೆದ್ರು. ಊದಿದ್ದು ನೋಡಿ ಅತ್ತುಬಿಟ್ಟಿದ್ದೆ, ಇಳಿಯೋಕೆ ತಿಂಗಳು ಬೇಕು ಅಂದಿದ್ರು, ಹಾಗೇ ಆಯ್ತು. ಫಿಸ್ಟುಲಾ ಇಲ್ಲಿವರೆಗೆ ಇಲ್ಲ, ಆರು ತಿಂಗಳಿಗೆ ಮತ್ತೆ ತೋರಿಸ್ಬೇಕು.

ದಾವಣಗೆರೆ ಅಣ್ಣ, ನಿಮ್ಮ ಮಗ ಈಗ ಹೇಗಿದಾನೆ?

ದಾವಣಗೆರೆ_ಅಪ್ಪ

ಇದಾನೆ ಸಿಸ್ಟರ್. ಹೋದ ತಿಂಗಳು ಕ್ರಿಯಾಟಿನಿನ್ 0.8. ಈ ವರ್ಷದ ಮಿಸ್ಸು ಒಳ್ಳೆಯವರು, ಅವನ ಬೆಂಚು ಬಾಗಿಲ ಪಕ್ಕಕ್ಕೆ ಹಾಕ್ಸಿದಾರೆ.

ಹಾಸನದ_ಅಮ್ಮ

ಆ ಡಬಲ್ ಡೈಪರಿಗೆ ಅಂತ ತಂದ ದೊಡ್ಡ ಸೈಜಿಂದು ಒಂದೂವರೆ ಪ್ಯಾಕೆಟ್ ಉಳಿದಿದೆ. ಹಾಸನ, ಚನ್ನರಾಯಪಟ್ಟಣ ಕಡೆ ಯಾರಿಗಾದ್ರೂ ಆಪರೇಷನ್ ಡೇಟ್ ಸಿಕ್ಕಿದ್ರೆ ಮೆಸೇಜ್ ಮಾಡಿ, ಸೀಳೋದು ಹೇಗೆ ಅಂತ ವಿಡಿಯೋ ಕಾಲಲ್ಲಿ ತೋರಿಸ್ತೀನಿ.